ದೋಣಿಗೆ ಬೇಡವಾದ ಬಾಳೆಹಣ್ಣು

ಕೆರಿಬಿಯನ್ ದ್ವೀಪಗಳ ನಡುವೆ ಒಂದು ವಾರ ಸುತ್ತಲು ಹಾಯಿದೋಣಿ ಬಾಡಿಗೆಗೆ ಹಿಡಿದಿದ್ದೆವು. ಹತ್ತುವ ಮುಂಚೆಯೇ ಕ್ಯಾಪ್ಟನ್ ಅಡ್ಡ ನಿಂತ. ದೋಣಿಗೆ ಬಾಳೆಹಣ್ಣು ಅಪಶಕುನವಂತೆ, ಒಳಗೆ ತರಕೂಡದಂತೆ. ಸೊರಬದ ನನ್ನ ದೊಡ್ಡಮ್ಮನ ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣೇ ಇತ್ತು.

"ಟ್ರ್ಯಾಕ್ಟರ್ ತಂದಾಗ್ಲೂ ಹಣ್ಣಿಟ್ಟು ಪೂಜೆ ಮಾಡ್ದೆ ಹತ್ತಿಲ್ಲ ನಾನು. ಇದು ನೀರಿನ ಮೇಲೆ ಹೋಗೋದು. ಕಾಯ್ಲಿ ಬಿಡು ಅವನು," ಎಂದು ಅವಳು ದಡದ ಕಟ್ಟೆಯ ಮೇಲೇ ಕುಳಿತಳು. ನಾನೂ ಪಕ್ಕದಲ್ಲಿ ಕುಳಿತೆ. ದೊಡ್ಡಮ್ಮ ಹಣ್ಣಿಗೆ ಊದಿನಕಡ್ಡಿ ಚುಚ್ಚಿ, ದೋಣಿಯ ಬಿಳಿ ಮೂತಿಗೆ ಕುಂಕುಮ ಹಚ್ಚಿ, ಕೈಮುಗಿದಳು. ಆಮೇಲೆ ಹಣ್ಣನ್ನೆಲ್ಲ ಅಲ್ಲೇ ಹಂಚಿದಳು. ಚಾಚಿದ ಪ್ರಸಾದವನ್ನು ಬೇಡವೆನ್ನಲಾರದೆ ಕ್ಯಾಪ್ಟನ್ ಕೂಡ ತಿಂದ. ಅವಳ ಖಾಲಿ ಕೈ ನೋಡಿದ ಮೇಲೆಯೇ ನಮ್ಮನ್ನು ಹತ್ತಿಸಿಕೊಂಡ.

ದೋಣಿ ಹೊರಟಿತು. ದೊಡ್ಡಮ್ಮ ಅವನ ಹೊಟ್ಟೆಯನ್ನು ಕಣ್ಣಲ್ಲೇ ತೋರಿಸಿದಳು.

"ಹಣ್ಣು ಹತ್ತಬಾರ್ದು ಅಂದ್ನಲ್ಲ. ಈಗ ಅವನೇ ಹೊತ್ಕಂಡು ಬಂದ."