ಹಳದಿ ಬಟ್ಟೆಯ ಎರಡು ಗಂಟು

ಆ ವರ್ಷ ನಾನು ಕಾದಂಬರಿ ಬರೆದೆ. ಹೀಗೆ ಒಂದೇ ಸಾಲಿನಲ್ಲಿ ಹೇಳಿಬಿಟ್ಟರೆ ಏನೋ ದೊಡ್ಡ ಕೆಲಸ ಮಾಡಿದಂತೆ ಕೇಳಿಸುತ್ತದೆ. ಬರೆದದ್ದು ತಮಿಳುನಾಡಿಗೆ ಸೇರಿದ ಹೊಸೂರಿನ ಪಕ್ಕ, ಮತ್ತಿಗಿರಿಯ ನಮ್ಮ ಬಾಡಿಗೆ ಮನೆಯಲ್ಲಿ, ಅಡುಗೆಮನೆಯ ಬಾಗಿಲ ಬಳಿ ಚಾಪೆ ಹಾಸಿಕೊಂಡು, ಮಧ್ಯಾಹ್ನ ಎರಡರಿಂದ ಮಗಳು ಸ್ಕೂಲಿಂದ ಬರುವ ನಾಲ್ಕರವರೆಗೆ. ಅದಕ್ಕೆ ಮುಂಚೆ ನನ್ನ ಏಳೆಂಟು ಸಣ್ಣ ಕತೆಗಳು ಅಚ್ಚಾಗಿದ್ದವು. ಕಾದಂಬರಿ ಎಂಬುದು ನನ್ನಂಥವಳ ಕೈಗೆ ಎಟುಕುತ್ತದೆ ಎಂದು ಎಣಿಸಿರಲಿಲ್ಲ. ಯುಗಾದಿಯ ಹೊತ್ತಿಗೆ ಬೆಂಗಳೂರಿನ ಒಂದು ವಾರಪತ್ರಿಕೆ ಸ್ಪರ್ಧೆ ಸಾರಿತು. ದಸರಾ ಕಳೆದ ಮೊದಲ ಶನಿವಾರ ಸಂಜೆ ಐದು ಗಂಟೆಗೆ ಕಡೇ ಗಡುವು. ದೇವರ ಮುಂದೆ ನಿಂತು, "ಸ್ವಾಮಿ, ಬಹುಮಾನ ಕೇಳೋದಿಲ್ಲ, ಮುಗಿಸೋ ಶಕ್ತಿ ಕೊಡು" ಎಂದು ಕೇಳಿಕೊಂಡು, ನಾಲ್ಕು ನೋಟ್‌ಬುಕ್ಕಿನಷ್ಟು ದಪ್ಪದ ಒಂದು ಉದ್ದ ಪುಸ್ತಕ ತಂದು, ಮೂಲೆಗಳಿಗೆ ಅರಿಶಿನ ಹಚ್ಚಿ ಶುರು ಮಾಡಿದೆ.

ಚಾಪೆಯ ಇನ್ನೊಂದು ತುದಿಯಲ್ಲಿ ಅತ್ತೆ ಕೂತು ಬರೆಯುತ್ತಿದ್ದರು. ಅವರದು ರಾಮಕೋಟಿ. ಕೋಟಿ ಸಲ ಶ್ರೀರಾಮ ಎಂದು ಬರೆದು ಮುಗಿಸುವ ವ್ರತ. ನಾನು ಈ ಮನೆಗೆ ಸೊಸೆಯಾಗಿ ಬರುವ ಎಷ್ಟೋ ವರ್ಷ ಮುಂಚೆಯೇ ಹಿಡಿದಿದ್ದರು. ನನ್ನದೂ ಅವರದೂ ಒಂದೇ ಅಂಗಡಿಯಿಂದ ತಂದ ಒಂದೇ ಥರದ ಪುಸ್ತಕ, ಅದಕ್ಕೂ ಮೂಲೆಗೆ ಅರಿಶಿನ. ನನ್ನ ಪೆನ್ನು ನಿಂತಾಗಲೆಲ್ಲ ಅವರು ಓರೆಗಣ್ಣಲ್ಲಿ ನೋಡುವರು.

"ಯಾಕಮ್ಮಿ, ನಿಂತೋಯ್ತಾ?"

"ಮುಂದಕ್ಕೆ ಏನು ಅಂತ ತೋಚ್ತಿಲ್ಲ ಅತ್ತೆ."

"ನಂಗೆ ನೋಡು, ಆ ತಾಪತ್ರಯಾನೇ ಇಲ್ಲ. ಮುಂದಕ್ಕೂ ರಾಮ್ನೆ. ನಾನ್ ಬರ್ಯಾದ್ರಾಗೆ ಒಂದು ಸುಳ್ಳಿಲ್ಲ. ನೀನ್ ಬರ್ಯಾದ್ರಾಗೆ ಒಂದು ನಿಜ ಇಲ್ಲ."

ಹೀಗೆ ಅಂದವರೇ ಎದ್ದುಹೋಗಿ ಕಾಫಿ ಇಡುತ್ತಿದ್ದರು. ನನಗೂ ಒಂದು ಲೋಟ ಬರುತ್ತಿತ್ತು. ನಾನು ಸಂಜೆ ದೀಪ ಹಚ್ಚಿದಾಗ ಆ ದಿನ ಸಿಕ್ಕಿದ್ದನ್ನೆಲ್ಲ ದೇವರಿಗೆ ಒಪ್ಪಿಸುವವಳು. ಇವತ್ತು ಹಾಲು ಒಡೆಯಲಿಲ್ಲ, ನಲ್ಲಿಯಲ್ಲಿ ಅರ್ಧ ಗಂಟೆ ಹೆಚ್ಚಿಗೆ ನೀರು ಬಂತು, ಎರಡು ಪುಟ ಬರೆದೆ. ಆ ವರ್ಷ ಬಹಳ ದಿನ ಅತ್ತೆಯ ಕಾಫಿಯೂ ಆ ಪಟ್ಟಿಯಲ್ಲಿತ್ತು.

ಬರೀ ಬರವಣಿಗೆಯೇ ಅಲ್ಲ, ಆ ವರ್ಷ ಕೈ ಹಾಕಿದ್ದೆಲ್ಲ ಚಿಗುರಿತು. ತಾರಸಿಯಲ್ಲಿ ಹಳೇ ಪೇಂಟ್ ಡಬ್ಬಗಳಿಗೆ ಗುಲಾಬಿ ಕಡ್ಡಿ ನೆಟ್ಟಿದ್ದೆ, ಹನ್ನೊಂದು ಡಬ್ಬದಲ್ಲಿ ಒಂಬತ್ತು ಹೂ ಬಿಟ್ಟವು. ಪಕ್ಕದ ಮನೆಯ ತಮಿಳು ಅಕ್ಕ ಚುಕ್ಕಿ ಸುತ್ತಿ ಎಳೆಯುವ ಕೋಲವೆಂಬ ರಂಗೋಲಿ ಹೇಳಿಕೊಟ್ಟರು. ಚುಕ್ಕಿಯ ಲೆಕ್ಕ ಮರೆಯಬಾರದೆಂದು ಕಾದಂಬರಿಯ ಪುಸ್ತಕದ ಕೊನೇ ಹಾಳೆಯಲ್ಲೇ ಇಪ್ಪತ್ತು ಕೋಲ ಬಿಡಿಸಿಟ್ಟುಕೊಂಡಿದ್ದೆ. ಎಂಟನೇ ಕ್ಲಾಸಿನ ಮಗಳು ಸ್ಕೂಲಿನಲ್ಲಿ ತಮಿಳು, ಇಂಗ್ಲಿಷು ಓದುವವಳು. ಕನ್ನಡ ಓದಲು ಕಲಿತದ್ದು ನನ್ನ ಕಾದಂಬರಿಯಲ್ಲಿ ಬೆರಳಿಟ್ಟು ಓದಿ. ಬಾಗಲೂರಿನ ಹತ್ತಿರದ ಗುಲಾಬಿ ತೋಟದಲ್ಲಿ ಕೂಲಿಗೆ ಹೋಗುವ ಹೆಂಗಸೊಬ್ಬಳು ತಾನೇ ಒಂದು ತೋಟ ಕಟ್ಟಲು ಹೊರಡುವ ಕತೆ ಅದು. "ಅಮ್ಮಾ, ಇವಳಿಗೆ ತೋಟ ಸಿಗತ್ತಾ ಇಲ್ವಾ? ಇವತ್ತೇ ಬರಿ," ಎಂದು ಬ್ಯಾಗು ಇಳಿಸುವ ಮುಂಚೆ ಕೇಳುವಳು.

ನವರಾತ್ರಿಯ ಹೊತ್ತಿಗೆ ಇಬ್ಬರದೂ ಮುಗಿಯಿತು. ಅಷ್ಟಮಿಯ ದಿನ ನಾನು ಕೊನೇ ಸಾಲು ಬರೆದೆ. ಅದೇ ಮಧ್ಯಾಹ್ನ ಅತ್ತೆಯ ಕೋಟಿಯ ಕೊನೇ ಪುಸ್ತಕ ತುಂಬಿತು. ಹಿಂದಿನವೆಲ್ಲ ಆಗಲೇ ಅವರ ತವರೂರು ಸೇರಿದ್ದವು. ಅತ್ತೆ ಪೆನ್ನನ್ನು ಕಣ್ಣಿಗೊತ್ತಿಕೊಂಡು ಸುಮ್ಮನೆ ಕೂತರು. ನಾನು ಕುಣಿದಾಡಿದೆ.

ಮಾರನೆಯ ದಿನ ಸರಸ್ವತಿ ಪೂಜೆ. ಅವತ್ತು ನಮ್ಮಲ್ಲಿ ಓದುವ ಬರೆಯುವ ಹಾಗಿಲ್ಲ. ಪುಸ್ತಕಗಳನ್ನು ದೇವರ ಮುಂದಿಟ್ಟು, ದಶಮಿಯ ಬೆಳಿಗ್ಗೆ ಪೂಜೆ ಮಾಡಿ ತೆಗೆಯಬೇಕು. ಅತ್ತೆ ಮಗಳ ಹಳೇ ಹಳದಿ ಲಂಗವನ್ನು ಎರಡು ಭಾಗ ಮಾಡಿ, ಎರಡೂ ಪುಸ್ತಕ ಗಂಟು ಕಟ್ಟಿ, ಕುಂಕುಮವಿಟ್ಟು ಜೊತೆಯಲ್ಲಿರಿಸಿದರು. ದಶಮಿಯ ಬೆಳಿಗ್ಗೆ ಅವರು ಒಂದನ್ನು ಎತ್ತಿಕೊಂಡು ಬಾಗಲೂರಿನಾಚೆಯ ತಮ್ಮ ತವರೂರಿಗೆ ಹೊರಟರು. ಅಲ್ಲಿ ಹೊಸ ರಾಮಮಂದಿರ ಏಳುತ್ತಿತ್ತು. ಸುತ್ತಲ ಹಳ್ಳಿಗಳವರು ಬರೆದ ರಾಮಕೋಟಿ ಪುಸ್ತಕಗಳನ್ನೆಲ್ಲ ಗರ್ಭಗುಡಿಯ ಪೀಠದ ಕೆಳಗಿನ ಗುಂಡಿಯಲ್ಲಿಟ್ಟು, ಹುಣ್ಣಿಮೆಯ ದಿನ ಹನ್ನೊಂದೂವರೆಯ ಮುಹೂರ್ತಕ್ಕೆ ಕಲ್ಲು ಮುಚ್ಚುವುದೆಂದು ಗೊತ್ತಾಗಿತ್ತು. ಕೋಟಿ ಪೂರೈಸಿದ ಒಬ್ಬಳೇ ಹೆಂಗಸೆಂದು ಅತ್ತೆಗೆ ಅಲ್ಲಿ ಹೂಮಾಲೆ.

ಇನ್ನೊಂದು ಗಂಟನ್ನು ನಾನೆತ್ತಿಕೊಂಡೆ. ಜೆರಾಕ್ಸ್ ಮಾಡಿಸಿಟ್ಟುಕೋ ಎಂದು ನಮ್ಮ ಯಜಮಾನರು ಹೇಳಿದ್ದರು. ಪೂಜೆಯಾದ ಗಂಟನ್ನು ಬಿಚ್ಚಲು ನನಗೆ ಮನಸ್ಸು ಬರಲಿಲ್ಲ. ದೇವಿ ಮುಟ್ಟಿದ್ದು ಹಾಗೇ ಹೋಗಲಿ ಎಂದು ಅದರ ಮೇಲೇ ಕಂದು ಕಾಗದ ಸುತ್ತಿ ವಿಳಾಸ ಬರೆದೆ. ಜೂಜುವಾಡಿ ದಾಟಿ ಅತ್ತಿಬೆಲೆಯಲ್ಲಿ ಅಂಚೆಗೆ ಹಾಕಿದರೆ ಕರ್ನಾಟಕದೊಳಗೇ ಬೇಗ ಮುಟ್ಟುತ್ತದೆ ಎಂಬುದು ನಮ್ಮ ಬೀದಿಯ ಕನ್ನಡದವರೆಲ್ಲರ ನಂಬಿಕೆ. ಮಂಗಳವಾರ ಯಜಮಾನರು ಗಡಿ ದಾಟಿ ಹೋಗಿ ರಿಜಿಸ್ಟರ್ ಮಾಡಿ ಬಂದರು. ನಾನು ನಾಲ್ಕು ದಿನ ನೆಲದ ಮೇಲೆ ಕಾಲಿಡದೆ ಓಡಾಡಿದೆ.

ಶನಿವಾರ ಹುಣ್ಣಿಮೆ. ಅತ್ತೆ ತವರೂರಲ್ಲೇ ಇದ್ದರು. ನಾನೂ ಮಗಳೂ ಹತ್ತರ ಬಸ್ಸಿಗೆ ಹೊರಡುವವರು. ಎಂಟೂವರೆಗೆ ಫೋನು ಬಂತು. ವಾರಪತ್ರಿಕೆಯ ಉಪಸಂಪಾದಕರು.

"ಅಮ್ಮಾ, ನಿಮ್ಮ ಹಸ್ತಪ್ರತಿ ತಲುಪಿದೆ. ನಲವತ್ತು ಪುಟ ಓದಿದೆ."

"ಹೇಗಿದೆ ಸಾರ್?"

"ಅಕ್ಷರ ಮುತ್ತಿನ ಹಾಗಿದೆ. ಆದರೆ ನಲವತ್ತು ಪುಟ ಆದರೂ ಕಥಾನಾಯಕನ ಹೆಸರು ಬಿಟ್ಟು ಇನ್ನೊಂದು ಪಾತ್ರ ಬಂದಿಲ್ಲವಲ್ಲ."

"ಯಾವ ಹೆಸರು ಸಾರ್?"

"ಶ್ರೀರಾಮ."

ಹಾಗಾದರೆ ನನ್ನ ಏಳು ತಿಂಗಳು, ಬೇರೆ ಪ್ರತಿಯೇ ಇಲ್ಲದ ನನ್ನ ಕಾದಂಬರಿ, ಗರ್ಭಗುಡಿಯ ಗುಂಡಿಯಲ್ಲಿದೆ. ಮೂರು ಗಂಟೆ ಕಳೆದರೆ ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ದೇವರು. ಎತ್ತಿಸುವವರು ಯಾರು! ನನ್ನ ತೊದಲು ಕೇಳಿ ಅವರು ಮೆತ್ತಗಾದರು. "ಗಾಬರಿಯಾಗಬೇಡಿ. ಸಂಜೆ ಐದರೊಳಗೆ ಕಚೇರಿಗೆ ತಂದುಕೊಟ್ಟರೆ ತಗೋತೀನಿ. ಐದು ದಾಟಿದರೆ ನನ್ನ ಕೈಯಲ್ಲೂ ಇಲ್ಲ."

ಯಜಮಾನರು ಮೂರನೇ ಶಿಫ್ಟು ಮುಗಿಸಿ ಬಂದು ಟೀ ಲೋಟ ಹಿಡಿದಿದ್ದರು. ವಿಷಯ ಕೇಳಿ ಮೊದಲು ನಕ್ಕರು, ನನ್ನ ಮುಖ ನೋಡಿ ಲೋಟ ಕೆಳಗಿಟ್ಟರು. "ನಡಿ ನಡಿ, ಅಳೋದು ಸ್ಕೂಟರ್ ಮೇಲೆ ಕೂತ್ಕೊಂಡು ಅಳು."

ಮಗಳನ್ನು ತಮಿಳು ಅಕ್ಕನ ಮನೆಗೆ ಬಿಟ್ಟು ಹೊರಟೆವು. ಹೊಸೂರಿನ ರೈಲ್ವೆ ಗೇಟು ಬಿದ್ದಿರಲಿಲ್ಲ, ಅದನ್ನೂ ಸಂಜೆಯ ಪಟ್ಟಿಗೆ ಸೇರಿಸಿಕೊಂಡೆ. ಬಾಗಲೂರು ರಸ್ತೆಯುದ್ದಕ್ಕೂ ರಾಮನಾಮವನ್ನೇ ಜಪಿಸಿದೆ. ಅವನದೇ ಪುಸ್ತಕ ಕಳಿಸಿಬಿಟ್ಟು ಅವನನ್ನೇ ಕೂಗುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

ಊರು ಮುಟ್ಟಿದಾಗ ಹತ್ತೂಕಾಲು. ಗರ್ಭಗುಡಿಯ ನಡುವೆ ಎದೆಯಾಳದ ಗುಂಡಿ. ಅದರ ತುಂಬ ಹಳದಿ ಬಟ್ಟೆಯ ಗಂಟುಗಳು, ಅರಿಶಿನ, ಅಕ್ಷತೆ, ಸೇವಂತಿಗೆ. ಅತ್ತೆ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರನ್ನು ಪಕ್ಕಕ್ಕೆ ಕರೆದು ಹೇಳಿದೆ.

"ಅಂದ್ರೆ ನನ್ ರಾಮ ಬೆಂಗ್ಳೂರ್ಗೆ ಹೋಗವ್ನಾ?"

"ಹೌದು ಅತ್ತೆ."

"ಬಸ್ನಾಗಾ?"

"ರಿಜಿಸ್ಟರ್ ಪೋಸ್ಟಲ್ಲಿ."

"ಓದ್ದೋರು ಏನಂದ್ರು?"

"ಅಕ್ಷರ ಮುತ್ತಿನ ಹಾಗಿದೆ ಅಂದ್ರು."

"ಹೂಂ," ಎಂದರು. ಆಮೇಲೆ ಗುಂಡಿಯ ಕಡೆ ನೋಡಿದರು. ಅವರು ಏನು ನೋಡುತ್ತಿದ್ದಾರೆಂದು ನನಗೆ ಗೊತ್ತಿತ್ತು. ನಾನು ಬಾಯಿಬಿಡದಿದ್ದರೆ ಅವರ ಕೋಟಿ ಎಲ್ಲರ ಕಣ್ಣಿಗೂ ಪೂರ್ತಿಯೇ. ಆ ಗಂಟು ಎತ್ತಿದರೆ ತವರಿನವರೆಲ್ಲರ ಮುಂದೆ ಒಂದು ಪುಸ್ತಕ ಕಡಿಮೆ. ಮಾಲೆ ಆಗಲೇ ತಟ್ಟೆಯಲ್ಲಿತ್ತು. "ಬೇಡ ಬಿಡಿ ಅತ್ತೆ" ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನಿಜ ಹೇಳುತ್ತೇನೆ, ನಾನು ಅದನ್ನು ಆಡಲಿಲ್ಲ.

ಅತ್ತೆ ನೇರ ಪೂಜಾರಿಯ ಹತ್ತಿರ ಹೋದರು. ಅವರು ತೆಲುಗಿನವರು. ತಲೆ ಅಲ್ಲಾಡಿಸಿ, "ದೇವುಡಿಕಿ ಇಚ್ಚಿನದಿ ತಿರಿಗಿ ತೀಸುಕೋಕೂಡದು ತಲ್ಲೀ," ಎಂದರು. ದೇವರಿಗೆ ಕೊಟ್ಟದ್ದನ್ನು ಮರಳಿ ತೆಗೆದುಕೊಳ್ಳುವ ಹಾಗಿಲ್ಲ. ನೆರೆದವರೂ ಹೌದೆಂದರು. ಅತ್ತೆಯ ತಮ್ಮನೇ, "ಇದೇನವ್ವಾ ನಿಂದು, ಹೋಗ್ಲಿ ಬುಡು, ಇನ್ನೊಂದ್ಸಲ ಬರ್ಕತಾಳೆ," ಎಂದ.

"ಇನ್ನೊಂದ್ಸಲ ಬರ್ಯಾಕೆ ಅದು ರಾಮಕೋಟಿನೇನೋ?" ಅತ್ತೆಯ ದನಿ ಏರಿತು. "ನಾನ್ ಬರ್ದಿದ್ದು ಯಾವಾಗ್ ಬರದ್ರೂ ಅದೇ. ಇವ್ಳು ಬರ್ದಿದ್ದು ಹೋದ್ರೆ ಹೋಯ್ತು. ಪಕ್ಕದಾಗ್ ಕುಂತು ನೋಡಿವ್ನಿ. ಸ್ವಾಮಿ, ಅದ್ರಾಗೆ ರಾಮ ಇಲ್ಲ. ನನ್ ಸೊಸೆ ಅವ್ಳೆ. ಮನೆ ಸೊಸೇನ ಗುಂಡಿಗಾಕಿ ಮ್ಯಾಗೆ ದೇವ್ರನ್ ಕೂರುಸ್ತೀರಾ?"

ಯಾರೋ ಹೆಂಗಸು ಕಿಸಕ್ಕೆಂದಳು. ಪೂಜಾರಿಗೂ ನಗು ತಡೆಯಲಾಗಲಿಲ್ಲ. ರಾಮನಾಮ ಇಲ್ಲದ್ದು ಆ ಗುಂಡಿಯಲ್ಲಿ ಇರಕೂಡದು ಎಂಬುದು ಅವರಿಗೂ ಸರಿಯೆನಿಸಿತು. ಆದರೆ ಇಳಿಯುವವರು ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ಇಳಿಯಬೇಕೆಂದರು.

"ಏಯ್, ಬಾರ್ಲಾ ಇಲ್ಲಿ," ಎಂದು ಅತ್ತೆ ಮಗನನ್ನು ಕೂಗಿದರು.

ಇಡೀ ಊರಿನ ಎದುರು ನಮ್ಮ ಯಜಮಾನರು ಬೋರ್‌ವೆಲ್ಲಿನ ತಣ್ಣೀರನ್ನು ತಲೆಗೆ ಸುರಿದುಕೊಂಡು ನಡುಗುತ್ತ ಗುಂಡಿಗಿಳಿದರು. ಒಂದೇ ಥರದ ನೂರಾರು ಗಂಟು. ಒಂದನ್ನು ಎತ್ತಿ ಬಿಚ್ಚಿದರೆ ಶ್ರೀರಾಮ, ಇನ್ನೊಂದು ಬಿಚ್ಚಿದರೂ ಶ್ರೀರಾಮ. ಹನ್ನೊಂದು ದಾಟಿತು. ನಾದಸ್ವರದವರು ಊದಲು ಶುರು ಮಾಡಿದರು. ನಾನು ಸೆರಗು ಕಚ್ಚಿಕೊಂಡು ನಿಂತಿದ್ದೆ. ಅತ್ತೆ ಮೇಲಿಂದಲೇ ಆಡಳಿತ ನಡೆಸಿದರು.

"ಅದಲ್ಲ ಕಣ್ಲಾ, ಲಂಗದ್ ಬಟ್ಟೆ! ಅಂಚ್ನಾಗೆ ಜರಿ ಐತೆ!"

"ಅವ್ವಾ, ಇಲ್ಲಿರೋವೆಲ್ಲ ಹಳದೀನೇ!"

"ಎಡಕ್ ನೋಡು. ನಾನ್ ಕಟ್ಟಿದ್ ಗಂಟು ಎಲ್ಡು ಸುತ್ತು ಇರ್ತದೆ."

ಜರಿಯಂಚು ಸಿಕ್ಕಿತು. ಯಜಮಾನರು ಬಿಚ್ಚಿ ಕೊನೇ ಹಾಳೆ ತೆಗೆದು ನನ್ನ ಕಡೆ ಎತ್ತಿ ಹಿಡಿದರು. ಚುಕ್ಕಿ ಕೋಲ, ಇಪ್ಪತ್ತೂ. ನಾನು ಕಿರುಚಿಯೇಬಿಟ್ಟೆ. ದೇವಸ್ಥಾನ ಎನ್ನುವುದೂ ನೆನಪಾಗಲಿಲ್ಲ.

ಮಾಲೆಯನ್ನು ಅತ್ತೆ ತೆಗೆದುಕೊಳ್ಳಲಿಲ್ಲ. "ಒಂದ್ ಪುಸ್ತಕ ಬಾಕಿ ಐತೆ, ಬೇಡ," ಎಂದರು. ಪೂಜಾರಿ ಆ ಮಾಲೆಯನ್ನು ಅವರ ಕೈಯಿಂದಲೇ ಗುಂಡಿಯೊಳಕ್ಕೆ ಹಾಕಿಸಿದರು. ಹನ್ನೊಂದೂವರೆಗೆ ಕಲ್ಲು ಮುಚ್ಚಿತು.

ಕಾದಂಬರಿಯನ್ನು ಮಡಿಲಲ್ಲಿ ಅವುಚಿಕೊಂಡು ಸರ್ಜಾಪುರದ ದಾರಿ ಹಿಡಿದೆವು. ಯಜಮಾನರ ತಲೆ ಒಣಗಿದ್ದು ಗಡಿಯಾಚೆ. ದಾರಿಯಲ್ಲಿ ನಿಂತು ಎರಡೆರಡು ಇಡ್ಲಿ ತಿಂದದ್ದು ಬಿಟ್ಟರೆ ಎಲ್ಲೂ ಇಳಿಯಲಿಲ್ಲ. ಮೂರೂಮುಕ್ಕಾಲಿಗೆ ಕಚೇರಿಯ ಮೆಟ್ಟಿಲು ಹತ್ತಿದೆ. ಉಪಸಂಪಾದಕರು ಕನ್ನಡಕದ ನಡು ವಯಸ್ಸಿನವರು. ನನ್ನ ಪುಸ್ತಕ ಇಸಿದುಕೊಂಡು, ಬೀರುವಿನ ಮೇಲಿಂದ ಅತ್ತೆಯದನ್ನು ಎರಡೂ ಕೈಯಲ್ಲಿ ಇಳಿಸಿಕೊಟ್ಟರು. ಅದರ ಕೆಳಗೆ ಬಿಳಿ ಹಾಳೆ ಹಾಸಿದ್ದರು. "ಮೇಜಿನ ಮೇಲೆ ಇಡೋಕೆ ಮನಸ್ಸಾಗಲಿಲ್ಲಮ್ಮ, ಟೀ ಕುಡೀತೀವಿ," ಎಂದರು.

ಮತ್ತಿಗಿರಿಗೆ ಬಂದಾಗ ಅತ್ತೆ ಬಸ್ಸಿನಲ್ಲಿ ನಮಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಅವರ ಪುಸ್ತಕವನ್ನು ಮುಂದೆ ಹಿಡಿದೆ. ಅದನ್ನು ನೋಡಲೇ ಇಲ್ಲ.

"ನಿಂದು ಕೊಟ್ಯಾ?"

"ಕೊಟ್ಟೆ ಅತ್ತೆ. ಐದರೊಳಗೆ."

ಆಮೇಲೆ ತಮ್ಮದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನಾನು ಕೈಕಾಲು ತೊಳೆದು ದೀಪ ಹಚ್ಚಿ ದೇವರಿಗೆ ಒಪ್ಪಿಸತೊಡಗಿದೆ. ಫೋನು ಕೆಟ್ಟಿರಲಿಲ್ಲ, ರೈಲ್ವೆ ಗೇಟು ಬಿದ್ದಿರಲಿಲ್ಲ, ಸ್ಕೂಟರು ಪಂಕ್ಚರ್ ಆಗಲಿಲ್ಲ, ಲಂಗಕ್ಕೆ ಜರಿಯಿತ್ತು, ಅತ್ತೆ ಎರಡು ಸುತ್ತು ಕಟ್ಟಿದ್ದರು. ಮುಗಿಯಲೇ ಇಲ್ಲ.

"ಸಾಕು ಏಳಮ್ಮಿ," ಎಂದರು ಅತ್ತೆ ಅಡುಗೆಮನೆಯಿಂದ. "ಅವ್ನಿಗೂ ಬ್ಯಾರೆ ಮನೆಗೋಳವೆ."

ಬಹುಮಾನ ಬರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ, ಧಾರಾವಾಹಿಯಾಗಿ ಹಾಕುತ್ತೇವೆಂದು ಕಾಗದ ಬಂತು. ಅಷ್ಟರಲ್ಲಿ ಅತ್ತೆ ಬಾಕಿಯ ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಊರಿಗೆ ಒಯ್ದು ಪೀಠದ ಪಕ್ಕದಲ್ಲಿರಿಸಿ ಬಂದು, ಎರಡನೇ ಕೋಟಿ ಹಿಡಿದಿದ್ದರು. ಮೊದಲನೇ ಕಂತು ಬಂದ ವಾರ ಮಗಳು ಅದನ್ನು ಚಾಪೆಯ ನಡುವೆ ಕೂತು ಜೋರಾಗಿ ಓದಿದಳು. ಅತ್ತೆ ಪೆನ್ನು ಮುಚ್ಚಿಟ್ಟು ಕೇಳಿದರು. ಓದು ಮುಗಿದ ಮೇಲೂ ಕಾದರು.

"ಮುಂದ್ಕೆ? ಅವ್ಳಿಗೆ ತೋಟ ಸಿಕ್ತದಾ?"

"ಅದು ಮುಂದಿನ ವಾರ ಬರುತ್ತೆ ಅತ್ತೆ."

"ಗುಂಡಿಯಿಂದ ಎತ್ಸಿದ್ದು ನಾನು," ಎಂದರು ಅತ್ತೆ. "ನಂಗೂ ಮುಂದಿನ್ ವಾರಾನಾ?"