ಪೂರ್ತಿ ವಿಡಿಯೊ ನೋಡಿದ ಮೇಲೆ

"ಸಾರ್, ನಿಮ್ಮ ಫ್ರೆಂಡು ರೇಸಿಸ್ಟಾ?"

ದೇವನಹಳ್ಳಿಯ ಕಾಲೇಜೊಂದರ ಪ್ರಿನ್ಸಿಪಾಲರು ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಹೊಸಕೋಟೆಯ ಸಂತೆಯಲ್ಲಿ ಹುರುಳಿಕಾಯಿ ಆರಿಸುತ್ತಿದ್ದೆ. ಅಂಥ ಜಾಗದಲ್ಲಿ ಇಂಥ ಪ್ರಶ್ನೆಗೆ ಏನಂತ ಉತ್ತರ ಕೊಡುವುದು? "ಛೇ ಛೇ, ಇಲ್ಲ" ಅಂದುಬಿಟ್ಟೆ.

ಫ್ರೆಂಡು ಅಂದರೆ ರುದ್ರೇಶ. ಹೈಸ್ಕೂಲಿನಲ್ಲಿ ಇಬ್ಬರದೂ ಒಂದೇ ಬೆಂಚು. ಈಗ ರಾಜಕೀಯ ವಿಶ್ಲೇಷಕ. ಟೀವಿ ಚರ್ಚೆಯಲ್ಲಿ ಮೇಜು ಕುಟ್ಟುತ್ತಾನೆ, ಯೂಟ್ಯೂಬಿನಲ್ಲಿ ವಾರಕ್ಕೆರಡು ಸಲ ಲೈವ್ ಬರುತ್ತಾನೆ. ಅವನನ್ನು ಕಾಲೇಜಿಗೆ ಭಾಷಣಕ್ಕೆ ಕರೆಸಿ ಅಂತ ಶಿಫಾರಸು ಮಾಡಿದವನು ನಾನೇ.

ಅಷ್ಟರಲ್ಲಿ ಅವನದೊಂದು ಪುಟ್ಟ ಕ್ಲಿಪ್ ವಾಟ್ಸಾಪಿನಲ್ಲಿ ಓಡತೊಡಗಿತು. ಹೊಸಕೋಟೆ ಪಕ್ಕದ ಪಿಲ್ಲಗುಂಪೆಯ ಕಾರ್ಖಾನೆಗಳಲ್ಲಿ ದುಡಿಯುವ ಈಶಾನ್ಯ ರಾಜ್ಯದವರ ಬಗ್ಗೆ. "ಶಿಫ್ಟ್ ಬಿಡೋ ಹೊತ್ತಲ್ಲಿ ಗೇಟ್ ಮುಂದೆ ನಿಂತ್ಕೊಳ್ರಪ್ಪಾ. ಇದು ಹೊಸಕೋಟೆನಾ ಚೀನಾನಾ ಅಂತ ಡೌಟ್ ಬರುತ್ತೆ. ಎಲ್ಲಾ ಒಂದೇ ಅಚ್ಚಲ್ಲಿ ಒತ್ತಿದ ಚಪ್ಪಟೆ ಮೂಗು!"

ಇಂಥ ಜನಾಂಗದ್ವೇಷಿ ನಮಗೆ ಬೇಡ ಎಂದು ವಿದ್ಯಾರ್ಥಿಗಳು ಪತ್ರ ಕೊಟ್ಟರು. ನಾನು ರುದ್ರೇಶನಿಗೆ ಫೋನ್ ಮಾಡಿದೆ.

"ಲೇ, ಅದು ಕಟ್ ಮಾಡಿರೋ ಕ್ಲಿಪ್ ಕಣೋ! ನಾನು ಬೈದಿದ್ದು ಕಂಪನಿಗಳಿಗೆ. ಪೂರ್ತಿ ನೋಡ್ಬಿಟ್ಟು ಮಾತಾಡು."

ನ್ಯಾಯವಾದ ಮಾತೇ. ಪ್ರಿನ್ಸಿಪಾಲರೂ ಅದನ್ನೇ ಹೇಳಿದರು. "ನೀವೇ ಪೂರ್ತಿ ನೋಡಿ ಹೇಳಿ ಸಾರ್. ಆಮೇಲೆ ಡಿಸೈಡ್ ಮಾಡ್ತೀವಿ."

ಭಾನುವಾರ ಬೆಳಿಗ್ಗೆ ಕೂತೆ. ಒಂದೂವರೆ ಗಂಟೆಯ ವಿಡಿಯೊ. (ದೋಸೆ ತಣ್ಣಗಾಯಿತು, ಹೆಂಡತಿ ಬಿಸಿಯಾದಳು.) ರುದ್ರೇಶ ಸುಳ್ಳು ಹೇಳಿರಲಿಲ್ಲ. ಕಾಯಂ ಮಾಡದೆ ಗುತ್ತಿಗೆಯಲ್ಲೇ ದುಡಿಸುವ ಮಾಲೀಕರನ್ನು ಚೆನ್ನಾಗಿಯೇ ಝಾಡಿಸಿದ್ದ. ಜಮೀನು ಕೊಟ್ಟವರ ಮಕ್ಕಳಿಗೆ ಕೆಲಸ ಎಲ್ಲಿ ಅಂತ ಕೇಳಿದ್ದ. ವಾದ ಗಟ್ಟಿಯಾಗಿತ್ತು. ಆದರೆ ಮೂಗಿನ ಜೋಕು ಒಂದು ಸಲವಲ್ಲ, ಮೂರು ಸಲ ಬಂತು. ಪ್ರತಿ ಸಲವೂ ಕಾಮೆಂಟುಗಳ ಸುರಿಮಳೆ. ಅದರಲ್ಲಿ ನನ್ನದೂ ಒಂದಿತ್ತು! "ಸೂಪರ್ ಗುರು", ಜೊತೆಗೆ ನಗುವ ಮೂರು ಮುಖ. ಯಾವಾಗ ಹಾಕಿದೆನೋ, ನೆನಪೇ ಇರಲಿಲ್ಲ.

ತೀರ್ಪು ಹೇಳಬೇಕಾದವನು ನಾನು!

ಕೂತಲ್ಲಿ ಕೂರಲಾಗಲಿಲ್ಲ. ನಮ್ಮ ಬೀದಿಯ ಕೊನೆಯ ಮನೆಯ ಮಹಡಿಯಲ್ಲಿ ಯಾಮಿ ಇದ್ದಾರೆ. ಅರುಣಾಚಲದವರು, ಪಿಲ್ಲಗುಂಪೆಯಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್. ಏಳು ವರ್ಷದಿಂದ ಇಲ್ಲೇ ಇದ್ದು, ಚೌಕಾಸಿ ಮಾಡುವಷ್ಟು ಕನ್ನಡ ಕಲಿತಿದ್ದಾರೆ. ಹೋಗಿ, ಆ ಕ್ಲಿಪ್ ನೋಡಿದಿರಾ ಅಂತ ಕೇಳಿದೆ.

"ನೋಡ್ದೆ ಇರಕ್ಕಾಗುತ್ತಾ ಸಾರ್? ಕಂಪನಿ ಬಸ್ಸಲ್ಲಿ ಜೋರಾಗಿ ಹಾಕ್ಕೊಂಡು ನಗ್ತಾರೆ. ಅದಕ್ಕೇ ಮಾಸ್ಕ್ ಹಾಕ್ತೀನಿ."

ಆ ಮಾಸ್ಕನ್ನು ನಾನು ಕೆಲವು ದಿನಗಳಿಂದ ನೋಡುತ್ತಿದ್ದೆ. ಹೈವೇ ಧೂಳಿಗೆ ಅಂದುಕೊಂಡಿದ್ದೆ.

"ಅವನು ಬೈದಿದ್ದು ಕಂಪನಿಗೆ..." ಎಂದು ತೊದಲಿದೆ.

"ಕಂಪನಿಗೆ ಮೂಗಿರಲ್ಲ ಅಲ್ವಾ ಸಾರ್?"

ನಾನೂ ನಕ್ಕು ಕಾಮೆಂಟ್ ಹಾಕಿದ್ದೆ ಎಂದು ಒಪ್ಪಿಕೊಂಡೆ. ಅವರು ಒಣಗಿದ ಬಟ್ಟೆ ಮಡಚತೊಡಗಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಲ್ಲಿಂದಲೇ ರುದ್ರೇಶನಿಗೆ ಫೋನ್ ಮಾಡಿದೆ. "ಒಂದ್ಹತ್ತು ನಿಮಿಷ ನಮ್ಮ ಬೀದಿಗೆ ಬಾರೋ. ಯಾಮಿ ಅಂತ ಒಬ್ರು, ನಿನ್ನ ಜೋಕಿಂದ ಬಸ್ಸಲ್ಲಿ ಮಾಸ್ಕ್ ಹಾಕ್ಕೊಂಡು ಓಡಾಡ್ತಾರೆ. ಇವರ ಹತ್ರ ಸಾರಿ ಅನ್ನು, ಸಾಕು."

"ಅವರ್ಯಾರೋ ನಂಗೆ? ಮೂವತ್ತು ವರ್ಷದ ಸ್ನೇಹ ಕಣೋ. ಒಂದು ಜೋಕಿಗೆ ಬಿಟ್ಕೊಡ್ತೀಯಾ?" ಎಂದವನೇ ಕಟ್ ಮಾಡಿದ.

ಪ್ರಿನ್ಸಿಪಾಲರಿಗೆ ಮೆಸೇಜ್ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಕಳಿಸಿದ್ದು ಇಷ್ಟು: "ರುದ್ರೇಶನ ಎದೆಯೊಳಗೆ ದ್ವೇಷ ಇದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಅವನ ಮಾತು ಮಾತ್ರ ಜನಾಂಗ ನಿಂದನೆಯೇ. ಕ್ಷಮೆ ಕೇಳುವ ತನಕ ಕರೆಸಬೇಡಿ. ಅದಕ್ಕೆ ನಕ್ಕವರಲ್ಲಿ ನಾನೂ ಒಬ್ಬ, ಅದನ್ನೂ ಹುಡುಗರಿಗೆ ಹೇಳಿ."

ಭಾಷಣ ರದ್ದಾಯಿತು. ಮೂರನೇ ದಿನ ರುದ್ರೇಶ ಲೈವ್ ಬಂದ. ಕೈಮುಗಿದು, ಗಂಟಲು ಸರಿಮಾಡಿಕೊಂಡು ಹೇಳಿದ: "ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮೆಯಿರಲಿ."

ಕಾಮೆಂಟಿನ ತುಂಬ ಚಪ್ಪಾಳೆ. ದೊಡ್ಡ ಮನಸ್ಸು ಅಂತೆ!

ಯಾರಿಗೆ ನೋವಾಗಿದೆ ಅಂತ ಫೋನ್ ಮಾಡಿ ಹೇಳಿದ ಮೇಲೂ ಆ 'ದ್ದರೆ' ಯಾಕಪ್ಪಾ ಬೇಕಿತ್ತು?