ಸೋಮವಾರ ಹೂಡದ ವ್ಯಾನು

ಎದುರು ಮನೆಯ ಅಶ್ವಿನಿ ಹೋದ ವಾರ ದೊಡ್ಡದೊಂದು ಗಾಡಿ ತಂದಳು. ಮೂರು ಸಾಲು ಸೀಟಿನದು. ಬಾಗಿಲು ತೆಗೆದು "ಬರ್ರಿ ಆಂಟಿ, ಒಳಗ ಕುಂತ ನೋಡ್ರಿ" ಎಂದು ಕರೆದಾಗ ನಾನು ಕೂರುವ ಮೊದಲು ಮೂಗು ಒಡ್ಡಿದೆ. ಬಿಸಿಲಿಗೆ ಕಾದ ರೆಕ್ಸಿನ್ನಿನ ವಾಸನೆ. ಉಪ್ಪಿನಕಾಯಿಯ ಎಣ್ಣೆ, ಒಣಗಿದ ನಿಂಬೆಹಣ್ಣು, ಯಾರದೋ ಕೂಸು ಕಕ್ಕಿದ ಹಾಲು ಇವೆಲ್ಲ ಇನ್ನೂ ಅದರಲ್ಲಿ ಸೇರಿರಲಿಲ್ಲ. ಸೇರುತ್ತವೆ, ಅವಸರವೇನಿಲ್ಲ.

"ನಿಮ್ಮ ಮನ್ಯಾಗ ಒಂದ ಕಾಲಕ್ಕ ವ್ಯಾನ್ ಇತ್ತಂತಲ್ರಿ? ದೊಡ್ಡ ಗಾಡಿಗೆ ಏನೇನ ಮಾಡಿಸಬೇಕು ಹೇಳ್ರಿ" ಎಂದು ಅಶ್ವಿನಿ ಕೇಳಿದಳು. ಅವಳು ಬಯಸಿದ್ದು ಸೀಟ್ ಕವರು, ಮ್ಯಾಟು ಇಂಥ ಎರಡು ಮಾತು. ನನ್ನನ್ನು ಈ ವಿಷಯದಲ್ಲಿ ಕೇಳಬಾರದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಈಗ ನೀವೂ ಸಿಕ್ಕಿದ್ದೀರಿ, ಕೂತುಕೊಳ್ಳಿ.

ತೊಂಬತ್ತರ ದಶಕದಲ್ಲಿ ನಾವು ಸುಳ್ಳ ಎಂಬ ಹಳ್ಳಿಯ ಹೊಲಮನೆ ಬಿಟ್ಟು ಹುಬ್ಬಳ್ಳಿಯ ಬೆಂಗೇರಿಗೆ ಬಂದು ನೆಲೆಸಿದೆವು. ಹೊಲವನ್ನು ಪಾಲಿಗೆ ಕೊಟ್ಟು, ನಮ್ಮ ಮನೆಯವರು ಹತ್ತಿಕಾಳು-ಹಿಂಡಿಯ ಅಂಗಡಿ ಇಟ್ಟರು. ಎತ್ತುಗಳನ್ನು ಮಾರಿದ್ದಾಯಿತು. ಆದರೆ ಬೆಂಗೇರಿಯ ಮನೆಯ ಮಗ್ಗುಲಿಗೆ ಹಳೆಯ ಮಾಲೀಕರು ಕಟ್ಟಿಸಿದ್ದ ದನದ ಕೊಟ್ಟಿಗೆ ಇತ್ತು, ಅದರಲ್ಲಿ ಮೇವು ಹಾಕುವ ಗ್ವಾದಲಿ ಸಹಿತ. ಖಾಲಿ ಗ್ವಾದಲಿ ನೋಡಿ ನೋಡಿ ನಮ್ಮತ್ತೆ ಊಟ ಬಿಡುವಷ್ಟಾದಾಗ, ಇವರು ಒಂದು ದಿನ ಹಳೆಯ ಪ್ಯಾಸೆಂಜರ್ ವ್ಯಾನೊಂದನ್ನು ಕೊಂಡು ತಂದು ಅದರ ಮುಂದೆ ನಿಲ್ಲಿಸಿದರು. ಮೂತಿ ಸರಿಯಾಗಿ ಗ್ವಾದಲಿಯ ಮೇಲೆ ಬಂತು. ಅತ್ತೆ ವ್ಯಾನನ್ನು ಸುತ್ತಿ ಬಂದು, ಬಾನೆಟ್ಟಿನ ಮೇಲೆ ಕೈ ಆಡಿಸಿ, ಎತ್ತಿನ ವಯಸ್ಸು ಕೇಳುವವರಂತೆ "ಹಲ್ಲ ನೋಡಿ ತಂದೀಯಿಲ್ಲೋ?" ಎಂದರು. ಇವರು "ನೋಡೇನಿ" ಎಂದುಬಿಟ್ಟರು. ಅಲ್ಲಿಂದ ಶುರು.

ಮೊದಲು ಮೆಟ್ಟಿಲಿನ ಸಂಗತಿ. ದೊಡ್ಡ ವ್ಯಾನು ಮಾಡುವವರಿಗೆ ಸೀರೆ ಉಡುವವರ ಮಂಡಿ ಎಲ್ಲಿ ಬಗ್ಗುತ್ತದೆ ಎಂಬುದು ಗೊತ್ತಿದ್ದಂತಿಲ್ಲ. ಅತ್ತೆಯವರದು ದೊಡ್ಡ ಶರೀರ, ಯಾರಾದರೂ ಎತ್ತಿ ಹತ್ತಿಸಿದರೆ ಅವಮಾನ. ಹೀಗಾಗಿ ಕೂತು ಊಟ ಮಾಡುವ ಮಣೆಯನ್ನೇ ಬಾಗಿಲ ಕೆಳಗೆ ಇಟ್ಟು ಹತ್ತುವುದು ರೂಢಿಯಾಯಿತು. ಎಲ್ಲರೂ ಹತ್ತಿದ ಮೇಲೆ ಮಣೆ ಮಾತ್ರ ಕೆಳಗೆ ಉಳಿಯುತ್ತಿತ್ತು. ನಮ್ಮ ಮನೆಯ ಮಣೆಗಳು ಹುಬ್ಬಳ್ಳಿ-ಧಾರವಾಡದ ಎಷ್ಟೋ ಕಲ್ಯಾಣ ಮಂಟಪಗಳ ಮುಂದೆ ಅನಾಥವಾಗಿ ಕೂತಿವೆ. ಕೊನೆಗೆ ನಾನು ಮಣೆಗೆ ತೂತು ಹೊಡೆಸಿ ಹಗ್ಗ ಕಟ್ಟಿದೆ. ಹತ್ತು, ಕೂಡು, ಬಾವಿಯಿಂದ ಕೊಡ ಸೇದಿದಂತೆ ಮಣೆ ಸೇದು. ಇದನ್ನು ಅಶ್ವಿನಿ ಫೋನಿನಲ್ಲಿ ಬರೆದುಕೊಂಡಳು.

ಸರಿಯುವ ಬಾಗಿಲಿಗೆ ಮೇಣದಬತ್ತಿ. ನಾನು ಕಾನ್ವೆಂಟಿನಲ್ಲಿ ಓದಿದವಳು. ಬತ್ತಿ ಉರಿದು ಉಳಿದ ಮೋಟನ್ನು ಬಿಸಾಡಬಾರದು, ಡೆಸ್ಕಿನ ಡ್ರಾಯರಿಗೆ ಉಜ್ಜಬೇಕು ಎಂದು ನಮ್ಮ ಸಿಸ್ಟರ್ ಕಲಿಸಿದ್ದರು. ಅಷ್ಟು ವರ್ಷದ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ನನ್ನ ಸಂಸಾರಕ್ಕೆ ಅತಿ ಹೆಚ್ಚು ಉಪಯೋಗ ಬಿದ್ದ ವಿದ್ಯೆ ಇದೇ. ಹಳಿಗೆ ಮೇಣ ತಿಕ್ಕಿದ ಮೇಲೆ, ಮೊದಲು ಇಬ್ಬರು ಜಗ್ಗುತ್ತಿದ್ದ ಬಾಗಿಲು ಕೂಸು ಮುಟ್ಟಿದರೂ ಸರಿಯತೊಡಗಿತು.

ಇನ್ನು ಸೀಟುಗಳು. ಮೇ ತಿಂಗಳಲ್ಲಿ ರೆಕ್ಸಿನ್ನಿನ ಮೇಲೆ ಕೂತವರು ಏಳುವಾಗ ಆಗುವ ಸಪ್ಪಳ ನೆಂಟಸ್ತಿಕೆಗೆ ಒಳ್ಳೆಯದಲ್ಲ. ಹಳೆಯ ಸೀರೆ ಹೊಲಿದು ಮಾಡಿದ ಕೌದಿಗಳನ್ನು ಅಳತೆಗೆ ಕತ್ತರಿಸಿ ಹೊದಿಸಿದೆ. ನೀರಿನ ಕೊಡ ಉರುಳದಂತೆ ಹಳೆಯ ಟ್ಯೂಬನ್ನು ಸಿಂಬೆಯಂತೆ ಸುತ್ತಿ ಇಟ್ಟೆ. ಕಿಟಕಿಗೆ ಪರದೆ ಹಾಕಿದೆ, ಕಡುಗೆಂಪಿನದೇ. ಏಕೆಂದರೆ ಎಲೆ-ಅಡಿಕೆ ಹಾಕುವವರು ಮುಂದಿನ ಕಿಟಕಿಯಿಂದ ಉಗುಳಿದ್ದು ಹಿಂದಿನ ಕಿಟಕಿಯಿಂದ ಒಳಗೆ ಮರಳುತ್ತದೆ. ಅಂಥವರು ಎಷ್ಟೇ ಹಿರಿಯರಿರಲಿ, ಕಟ್ಟಕಡೆಯ ಕಿಟಕಿಗೆ ಕೂಡಿಸಿ. ಮರ್ಯಾದೆ ಹೋಗುವುದಕ್ಕಿಂತ ಸೀರೆ ಹೋಗುವುದು ಕೆಟ್ಟದ್ದು.

ವ್ಯಾನನ್ನು ಕೊಟ್ಟಿಗೆಗೆ ತರುವಾಗ ಗ್ವಾದಲಿಗೆ ಬಡಿಯದಿರಲೆಂದು ಇವರು ತೊಲೆಗೆ ಒಂದು ಕೊಬ್ಬರಿ ಚಿಪ್ಪು ಇಳಿಬಿಟ್ಟರು. ಗಾಜಿಗೆ ಚಿಪ್ಪು ತಗುಲಿತೋ, ಬ್ರೇಕ್ ಹಾಕುವುದು. ಅತ್ತೆ ಅದನ್ನು ದೃಷ್ಟಿಗೆ ಕಟ್ಟಿದ್ದು ಎಂದುಕೊಂಡು ಅಮಾವಾಸ್ಯೆಗೊಮ್ಮೆ ಅರಿಸಿನ ಹಚ್ಚಿದರು. ತಾವು ಮಾರಿದ ಎತ್ತಿನ ಕೊರಳ ಗಂಟೆಯನ್ನು ತಂದು ಡ್ರೈವರ್ ಸೀಟಿನ ಮೇಲೆ ಕಟ್ಟಿಸಿ, ಹಿಂದಿನವರು ಜಗ್ಗಲೆಂದು ಉದ್ದಕ್ಕೆ ದಾರ ಬಿಡಿಸಿದರು. ದಿನಾ ಬೆಳಿಗ್ಗೆ ಗ್ವಾದಲಿಯಲ್ಲಿ ಒಂದು ಹಿಡಿ ಹಸಿಹುಲ್ಲು ಹಾಕಿದರು. ಇಲ್ಲಿಯತನಕ ನಾವೆಲ್ಲ ನಕ್ಕೆವು.

ಆಮೇಲೆ ಸೋಮವಾರ ಬಂತು.

ನಮ್ಮ ಕಡೆ ಸೋಮವಾರ ಎತ್ತಿನ ಕೊರಳಿಗೆ ನೊಗ ಕಟ್ಟಿ ಹೂಡುವುದಿಲ್ಲ. ಬಸವಣ್ಣನ ವಾರ, ಅವತ್ತು ಅದಕ್ಕೆ ಬಿಡುವು. ಎತ್ತಿನ ಜಾಗದಲ್ಲಿ ಬಂದು ನಿಂತ ಮೇಲೆ ವ್ಯಾನಿಗೂ ಅದೇ ಕಾಯ್ದೆ ಎಂದು ಅತ್ತೆ ತೀರ್ಮಾನಿಸಿದರು. "ಅದಕ್ಕ ಬಾಯಿಲ್ಲ ಅಂತ ವಾರಪೂರ್ತಿ ದುಡಸ್ತೀರೇನು?" ಇವರು ಎಂಜಿನ್ನಿನ ಶಾಸ್ತ್ರ ತಿಳಿಸಿದರು, ಪೆಟ್ರೋಲು-ಡೀಸೆಲ್ಲಿನ ವ್ಯತ್ಯಾಸ ತಿಳಿಸಿದರು. ಅತ್ತೆ ಎಲ್ಲ ಕೇಳಿ "ಹೂಂ, ಮಂಗಳಾರ ಹೂಡ್ರಿ" ಎಂದರು. ನಾನು ಒಳಗೊಳಗೆ ನಕ್ಕೆ, ಅಷ್ಟೇ. ಕಿತ್ತುಹೋದ ಗುಂಡಿ ಹೊಲಿಯಲು ಭಾನುವಾರ ಸೂಜಿ ಸಹ ಹಿಡಿಯದ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳಿಗೆ ಅತ್ತೆಗೆ ಬುದ್ಧಿ ಹೇಳಲು ಮುಖ ಎಲ್ಲಿಯದು?

ಸೋಮವಾರ ನಾವು ಸಿಟಿ ಬಸ್ಸಿಗೆ ಹೋಗುತ್ತಿದ್ದೆವು. ನಡೆಯಿತು. ನನ್ನ ನಾದಿನಿ ಗಿರಿಜಾಳ ಸಂಬಂಧ ಬರುವತನಕ ನಡೆಯಿತು.

ಗಿರಿಜಾಳಿಗೆ ಅದಾಗಲೇ ಎರಡು ಕಡೆ ಮಾತಾಗಿ ಮುರಿದಿತ್ತು. ಕನ್ಯೆ ನೋಡುವವರ ಮುಂದೆ ಟ್ರೇ ಹಿಡಿದು ಬರುವುದೆಂದರೆ ಅವಳು ಮುಖ ಗಂಟಿಕ್ಕುತ್ತಿದ್ದಳು. ಈ ಸಲದ ಹುಡುಗ ಶಿವಪುತ್ರ, ಧಾರವಾಡದ ಹತ್ತಿರದ ಮುಗದ ಹಳ್ಳಿಯವನು, ಧಾರವಾಡದಲ್ಲಿ ತಂದೆಯ ಬಟ್ಟೆ ಅಂಗಡಿ. ಫೋಟೋ ಬಂತು. ಪ್ರತಿ ಸಲ ಅರ್ಧ ನಿಮಿಷಕ್ಕೆ ಫೋಟೋ ತಿರುಗಿ ಕೊಡುತ್ತಿದ್ದವಳು ಇದನ್ನು ಕೊಡಲಿಲ್ಲ. ನಾವೂ ಕೇಳಲಿಲ್ಲ. ಇದು ಮುರಿಯಬಾರದು ಎಂದು ಮನೆಯಲ್ಲಿ ಎಲ್ಲರಿಗೂ ತಿಳಿದುಹೋಯಿತು.

ಇವರು ಖುಷಿಯಲ್ಲಿ "ನೀವೇನೂ ತ್ರಾಸ ತಗೋಬ್ಯಾಡ್ರಿ, ನಮ್ಮ ವ್ಯಾನ್ ನಿಮ್ಮ ಬಾಗಲಿಗೇ ಬರತೈತಿ" ಎಂದು ಮಾತು ಕೊಟ್ಟುಬಂದರು. ಬರುವವರು ದೊಡ್ಡ ಬಳಗ. ಕನ್ಯೆ ನೋಡಲು ಬರುವ ದಿನ ಯಾವುದೆಂದರೆ, ಹುಡುಗನ ಅಂಗಡಿಗೆ ಬಿಡುವಿದ್ದ ದಿನ. ಸೋಮವಾರ.

"ಪ್ಯಾಟಿ ಎಲ್ಲಾ ಐತವಾರ ಬಂದ್ ಮಾಡಿದ್ರ ಇವ್ರು ಸೋಮಾರ ಮಾಡ್ತಾರ. ಎಂಥಾ ಮಂದೀನೋ" ಎಂದು ಇವರು ತಲೆ ಮೇಲೆ ಕೈ ಹೊತ್ತರು.

"ಮಂದಿ ಹೆಂಗರ ಇರ್ಲಿ. ವ್ಯಾನ್ ಹೂಡಂಗಿಲ್ಲ" ಎಂದರು ಅತ್ತೆ.

"ಅವ್ವಾ, ಮಾತ ಕೊಟ್ಟೇನಿ."

"ನನ್ನ ಕೇಳಿ ಕೊಟ್ಟಿದ್ದೇನು?"

ಗಿರಿಜಾ ಅಡುಗೆಮನೆಗೆ ಎದ್ದುಹೋಗಿ, ಆಗಲೇ ತೊಳೆದಿಟ್ಟ ಪಾತ್ರೆಗಳನ್ನು ಮತ್ತೆ ತೊಳೆಯಲು ಹತ್ತಿದಳು. ಆ ಸಪ್ಪಳ ಅತ್ತೆಯವರಿಗೆ ಕೇಳಿಸುತ್ತಿತ್ತು. ಅವರಿಗೇನು ಮಗಳ ಮೇಲೆ ಅಂತಃಕರಣ ಇರಲಿಲ್ಲವೇ? ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಮುರಿಯುತ್ತ ಅವರೇ ದಾರಿ ಹುಡುಕಿದರು.

"ಸೋಮಾರ ಎತ್ತ ನೀರ ಕುಡಸಾಕ ಹಳ್ಳಕ್ಕ ಒಯ್ಯೂದಿಲ್ಲೇನು? ಒಯ್ತೇವಿ. ನಡದಾಡಿದ್ರ ಅಡ್ಡಿಯಿಲ್ಲ, ಭಾರ ಹೇರಬಾರದು. ವ್ಯಾನ್ ಹೋಗ್ಲಿ. ಖಾಲಿ ಹೋಗ್ಲಿ, ಖಾಲಿ ಬರ್ಲಿ."

"ಮಂದಿ?"

"ಬಾಡಿಗಿ ಜೀಪ್ ಮಾಡು. ವ್ಯಾನ್ ಬಾಗಲಿಗೆ ಬರತೈತಿ ಅಂತ ಅಂದೀದಿ. ಕುಂದರಿಸ್ಕೊಂಡ ಬರ್ತೇನಿ ಅಂದಿಲ್ಲಲ್ಲ."

ಇವರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ಕೇಳಿದರು: "ನಾ ಒಳಗ ಕುಂದರ್ಲೋ, ಅದರ ಸಂಗಾಟ ನಡೀಲೋ?"

"ಹಗ್ಗ ಹಿಡ್ಯಾಂವ ಒಬ್ಬ ಬೇಕಲ್ಲ. ನೀ ಕುಂದ್ರು."

ಮುಂದಿನದು ಇವರ ಬಾಯಿಂದ ಕೇಳಿದ್ದು. ಮುಗದದ ಆ ಓಣಿಯಲ್ಲಿ ಕೌದಿ ಹಾಸಿದ, ಪರದೆ ಕಟ್ಟಿದ, ಗಂಟೆಯ ವ್ಯಾನು ನಿಂತಾಗ ಹುಡುಗನ ಬಳಗವೆಲ್ಲ ಹೊಸ ಸೀರೆ, ಹೊಸ ರುಮಾಲಿನಲ್ಲಿ ಸಿದ್ಧವಾಗಿ ಹೊರಗೆ ಬಂದಿತಂತೆ. ಇವರು ಬಾಗಿಲಿಗೆ ಅಡ್ಡ ನಿಂತು, "ಸೀಟಿಗೆ ಬಣ್ಣ ಹಚ್ಚೇವ್ರಿ, ಹಸಿ ಐತಿ. ನೀವು ಹಿಂದ ಜೀಪಿನ್ಯಾಗ ಬರ್ರಿ" ಎಂದರು. ಕೌದಿಗೆ ಯಾರು ಬಣ್ಣ ಹಚ್ಚುತ್ತಾರೆ? ಆದರೆ ಬೀಗರಾಗುವವರನ್ನು ಆ ಹೊತ್ತಿಗೆ ಯಾರೂ ಹಾಗೆ ಕೇಳುವುದಿಲ್ಲ. ಬಳಗವೆಲ್ಲ ಒಂದೇ ಜೀಪಿನಲ್ಲಿ ತೊಡೆಯ ಮೇಲೆ ತೊಡೆ ಹಾಕಿಕೊಂಡು ತುಂಬಿತು. ಹುಡುಗ ಹಿಂದೆ ಜೋತುಬಿದ್ದ, ಇಸ್ತ್ರಿ ಮಾಡಿದ ಅಂಗಿಯ ಸಮೇತ. ಮುಂದೆ ಮುಂದೆ ಖಾಲಿ ವ್ಯಾನು, ತಗ್ಗು ಬಂದಲ್ಲೆಲ್ಲ ಗಂಟೆ ಬಾರಿಸಿಕೊಳ್ಳುತ್ತ. ನವನಗರದ ಹತ್ತಿರ ಚಹಾಕ್ಕೆ ನಿಂತಾಗ ಹುಡುಗನ ತಂದೆ ಇಳಿದು, ಕಾಲು ಝಾಡಿಸುತ್ತ ಬಂದು, ಕಿಟಕಿಯೊಳಗೆ ಕೈ ಹಾಕಿ ಸೀಟು ಮುಟ್ಟಿ, ಬೆರಳು ನೋಡಿಕೊಂಡು ಜೀಪಿಗೆ ಮರಳಿದರಂತೆ.

ಮನೆಗೆ ಬಂದರು. ಶಿರಾ, ಉಪ್ಪಿಟ್ಟು ಕೊಟ್ಟೆವು. ಹುಡುಗನ ತಂದೆ ಚಮಚ ಮುಟ್ಟಲಿಲ್ಲ. ಪರದೆಯ ಹಿಂದೆ ಗಿರಿಜಾ ಟ್ರೇ ಹಿಡಿದು ನಿಂತಿದ್ದಳು. ನಾನು ಅವಳ ಮೊಣಕೈ ಹಿಡಿದುಕೊಂಡೆ.

"ತಾಯಿ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ" ಎಂದರು ಹುಡುಗನ ತಂದೆ ಅತ್ತೆಯವರಿಗೆ. "ಸೀಟ ಮುಟ್ಟಿ ನೋಡೇನಿ. ಒಣಗೇತಿ. ನಮ್ಮನ್ನ ಕುಂದರಿಸ್ಕೊಳ್ಳಾಕ ನಿಮಗ ಯಾಕ ಮನಸ ಬರ್ಲಿಲ್ಲ?"

ಇವರು ತಮ್ಮ ಉಪ್ಪಿಟ್ಟಿನಲ್ಲಿ ಸಾಸಿವೆ ಎಣಿಸುವವರಂತೆ ತಲೆ ತಗ್ಗಿಸಿದರು. ಅತ್ತೆ ಸೆರಗು ಸರಿಪಡಿಸಿಕೊಂಡರು.

"ಇವತ್ತ ಸೋಮಾರ ಅಲ್ಲೇನ್ರಿ?"

"ಹೌದ್ರಿ."

"ಸೋಮಾರ ನಾವು ಹೂಡೂದಿಲ್ರಿ. ಬಣ್ಣದ ಮಾತ ನನ್ನ ಮಗಂದು, ನಂದಲ್ಲ."

ಆ ಹಿರಿಯರು ಅತ್ತೆಯವರನ್ನು ನೋಡಿದರು, ಎದ್ದರು. ಮುಗಿಯಿತು, ಹೊರಟರು ಎಂದುಕೊಂಡೆ. ಗಿರಿಜಾ ಟ್ರೇಯನ್ನು ನನ್ನ ಕೈಗೆ ಕೊಟ್ಟುಬಿಟ್ಟಳು.

"ಎಲ್ಲಿ ಕಟ್ಟೀರಿ ಅದನ್ನ?" ಎಂದರು ಅವರು.

ಅತ್ತೆ ಕೊಟ್ಟಿಗೆಗೆ ಕರೆದೊಯ್ದರು. ಬಳಗವೆಲ್ಲ ಹಿಂದೆ ಹೋಯಿತು, ನಾವೂ ಹೋದೆವು. ಅವರು ಕೊಬ್ಬರಿ ಚಿಪ್ಪು ನೋಡಿದರು. ಗ್ವಾದಲಿ ನೋಡಿದರು. ಹುಲ್ಲು ಎತ್ತಿ ಮೂಸಿದರು.

"ತಿಂತೈತೇನ್ರಿ?"

"ಇಲ್ರಿ. ಮಗ್ಗಲ ಮನಿ ಆಕಳ ಬಂದ ತಿಂತೈತಿ."

ಹಿರಿಯರು ಮಗನ ಕಡೆ ತಿರುಗಿದರು. "ನೋಡಪಾ ಶಿವಪುತ್ರ. ಧಾರವಾಡದಾಗ ನಾ ಒಬ್ಬನs ಹುಚ್ಚ ಅಂತಿದ್ದಿ."

ಸಂಗತಿ ಆಮೇಲೆ ತಿಳಿಯಿತು. ಅಂಗಡಿಯ ಮೂಲೆಯಲ್ಲಿ ಅವರ ಹೊಲಿಗೆ ಯಂತ್ರಗಳಿದ್ದವು. ಹೊಲ ಬಿಟ್ಟು ಪೇಟೆಯಲ್ಲಿ ಅಂಗಡಿ ಇಟ್ಟಾಗ ಎತ್ತು ಮಾರಿದ ಹಣದಲ್ಲಿ ಕೊಂಡವು. ಅದಕ್ಕೇ ಸೋಮವಾರ ಅವುಗಳ ಮೇಲೆ ಬಟ್ಟೆ ಹೊದಿಸಿ ಅಂಗಡಿ ಬಂದ್ ಮಾಡುವುದು. ಭಾನುವಾರ ಪೇಟೆಯೆಲ್ಲ ಮುಚ್ಚಿದಾಗ ತಾವೊಬ್ಬರೇ ಬಾಗಿಲು ತೆಗೆದು ಕೂಡುವುದು. "ಬರೂಮುಂದ ಜೀಪಿನ್ಯಾಗ ನಂದೊಂದು ಕಾಲ ಸತ್ತ ಹೋತ್ರಿ, ಆದ್ರೂ ಛಲೋ ಮಾಡೀರಿ" ಎಂದು ಹೋಗಿ ಉಪ್ಪಿಟ್ಟಿಗೆ ಕೂತರು. ಎರಡು ಸಲ ಹಾಕಿಸಿಕೊಂಡರು.

ಗಿರಿಜಾ ಟ್ರೇಯನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡು, ಕಿವಿಯಲ್ಲಿ ಹೇಳಿದಳು: "ವೈನಿ, ಎರಡೂ ಮನೀ ಮಂದಿ ಒಂದs ನಮೂನಿ ಅದಾರ. ನನಗ ಅಲ್ಲಿ ಹೊಸದಾಗಿ ಕಲಿಯೂದೇನೂ ಉಳದಿಲ್ಲ." ಬಹಳ ದಿನಗಳ ಮೇಲೆ ಮುಖ ಗಂಟಿಕ್ಕದೆ ಒಳಗೆ ಹೋದಳು.

ಮದುವೆ ಸೋಮವಾರ ಇಡಲಿಲ್ಲವೆಂದು ಹೇಳಬೇಕಾಗಿಲ್ಲ, ಗುರುವಾರ ಆಯಿತು. ಬೀಗರನ್ನೆಲ್ಲ ವ್ಯಾನಿನಲ್ಲೇ ಕರೆತಂದೆವು, ಮಣೆ ಇಟ್ಟು ಹತ್ತಿಸಿ.

ವ್ಯಾನು ಎರಡು ಸಾವಿರದ ಇಸವಿಯ ನಂತರವೂ ಕೆಲವು ವರ್ಷ ಓಡಿತು. ಆಮೇಲೆ ಕೆಮ್ಮಲು ಶುರುಮಾಡಿತು. ಮಾರುವಾಗ ಅತ್ತೆ ಕೊಂಡವನಿಗೆ ಸೋಮವಾರದ ಮಾತು ಹೇಳಿದರು. ಅವನು "ಹಂಗs ಆಗ್ಲಿ ಯವ್ವಾ" ಎಂದು ಕಾಲು ಮುಟ್ಟಿ ಒಯ್ದ. ಮುಂದೊಂದು ಸೋಮವಾರ ಗದಗ ರಸ್ತೆಯಲ್ಲಿ ಕಂಡೆ. ಒಳಗೆ ಹಿಡಿಯದೆ ಮೇಲೆ ಸಹ ಜನ ಕೂತಿದ್ದರು. ಕಿಟಕಿಯಲ್ಲಿ ನನ್ನ ಕಡುಗೆಂಪು ಪರದೆ. ಮನೆಗೆ ಬಂದಾಗ ಅತ್ತೆ "ನಮ್ಮ ವ್ಯಾನ್ ಎಲ್ಲೆರೆ ಕಂಡಿತ್ತೇನು?" ಎಂದು ಎಂದಿನಂತೆ ಕೇಳಿದರು. "ನಿನ್ನೆ ಕಂಡಿತ್ರಿ" ಎಂದೆ. ಅವರು ಇರುವತನಕ ನಾನು ಅದನ್ನು ಸೋಮವಾರ ಕಾಣಲೇ ಇಲ್ಲ.

ಅಶ್ವಿನಿ ಇಷ್ಟೆಲ್ಲ ಕೇಳಿ, ಫೋನಿನಲ್ಲಿ ಮಣೆ ಹಗ್ಗದ ನಂತರ ಏನೂ ಬರೆದುಕೊಳ್ಳದೆ, ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ, "ಆಂಟಿ, ಗಿರಿಜಾ ಆಂಟೀ ಮನಿಗೆ ಹೋಗೂಣಲ್ಲ ಮುಗದಕ್ಕ? ಹೊಸಾ ಗಾಡ್ಯಾಗ ನಿಮ್ಮನ್ನs ಮೊದಲ ಒಯ್ತೇನಿ. ಬರೂ ಸೋಮಾರ ನನಗ ರಜಾ ಐತಿ" ಎಂದಳು.

ಆಗಲಿ ಎನ್ನಬೇಕೆಂದು ಬಾಯಿ ತೆರೆದೆ. ಇಳಿಯುವಾಗ ಆಸರೆಗೆಂದು ಕೈ ಬಾನೆಟ್ಟಿನ ಮೇಲೆ ಹೋಗಿತ್ತು. ಊರೆಲ್ಲ ಸುತ್ತಿ ಬಂದದ್ದು, ಇನ್ನೂ ಬಿಸಿಯಿತ್ತು. ಕೈ ತೆಗೆಯಲು ಮನಸ್ಸಾಗಲಿಲ್ಲ. ಹಾಗೇ ಒಂದು ಸಲ ಆಡಿಸಿದೆ.

"ಮಂಗಳಾರ ಹೋದ್ರಾತಲ್ಲವಾ" ಎಂದೆ.

"ಯಾಕ್ರಿ ಆಂಟಿ? ನನಗ ರಜಾ ಇರೂದs ಸೋಮಾರ."

"ನಿನಗಷ್ಟs ರಜಾ ಇದ್ರ ಸಾಕೇನವಾ?"